ಎಂಟ್ನೂರಕ್ಕೆ ಟರ್ಬೊ ಹಾಕಿದವನು

ಅವನು ಹೋದ ಮೇಲೆ ಪಂಜದಲ್ಲಿ ಜೀಪಿನವರು, ಕಾರಿನವರು ಸೇರಿ ಒಂದು ಸಂತಾಪಸಭೆ ಮಾಡಿದರು. ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಮಾತಾಡಿದವರೆಲ್ಲ ಒಂದೇ ಸಂಗತಿ ಹೇಳಿದರು. ಹಳೆಯ ಎಂಟ್ನೂರು ಸಿಸಿ ಕಾರಿಗೆ, ಅದೂ ಕಾರ್ಬೊರೇಟರಿನ ಕಾಲದ ಕಾರಿಗೆ, ತನ್ನ ಶೆಡ್ಡಿನಲ್ಲೇ ಟರ್ಬೊ ಕೂರಿಸಿದವನು. ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕು ಹುಡುಕಿದರೂ ಅಂಥವನು ಇನ್ನೊಬ್ಬ ಸಿಗಲಿಕ್ಕಿಲ್ಲ. ಒಬ್ಬರು ಅದ್ಭುತ ಪ್ರತಿಭೆ ಎಂದರು. ಚಪ್ಪಾಳೆಯೂ ಬಿತ್ತು, ಸಂತಾಪಸಭೆಯಲ್ಲಿ.

ಆ ಕಾರಿನಲ್ಲಿ ಕೂತು ಹೋದವರಲ್ಲಿ ಈಗ ಬದುಕಿರುವುದು ನಾನೊಬ್ಬಳೇ. ನನ್ನನ್ನು ಯಾರೂ ಮಾತಾಡಲು ಕರೆಯಲಿಲ್ಲ. ಕರೆದಿದ್ದರೆ ಸಭೆ ಕೆಡುತ್ತಿತ್ತು. ಅಲ್ಲಿ ಹೇಳದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಓದು ಮೂರನೇ ಕ್ಲಾಸು. ತಪ್ಪಿದ್ದರೆ ಅಚ್ಚು ಮಾಡುವವರು ತಿದ್ದಿಕೊಳ್ಳಲಿ.

ಅವನ ಹೆಸರು ಬರೆಯುವುದಿಲ್ಲ. ಬರೆದರೆ ಅವನ ಅಣ್ಣನ ಹೆಸರೂ ಗೊತ್ತಾಗುತ್ತದೆ. ಅವರು ಬದುಕಿದ್ದಾರೆ. ಅವರ ರಬ್ಬರ್ ಗುಡ್ಡದಲ್ಲಿ ನಾನು ಪ್ರಾಯ ಇರುವಾಗಿನಿಂದ ಮರ ಕೆತ್ತಿ ಹಾಲು ತೆಗೆದವಳು. ಅವರ ಅನ್ನ ಉಂಡಿದ್ದೇನೆ. ಹಾಗಂತ ಅವರನ್ನು ಬಿಟ್ಟು ಬರೆಯಲಿಕ್ಕೂ ಆಗುವುದಿಲ್ಲ.

ಅವನು ಮೆಕ್ಯಾನಿಕ್. ರಸ್ತೆಬದಿಯಲ್ಲಿ ತಗಡಿನ ಶೆಡ್ಡು. ಜೀಪು, ಟಿಲ್ಲರ್, ಪಂಪುಸೆಟ್ಟು, ಹುಲ್ಲು ಕತ್ತರಿಸುವ ಮೆಷಿನು, ಯಾವುದು ಬಂದರೂ ಅವನ ಬಾಯಿಯಲ್ಲಿ ಒಂದೇ ಮಾತು, “ನೋಡುವ.” ಆಗುತ್ತದೆ ಎನ್ನುವವನಲ್ಲ, ಆಗುವುದಿಲ್ಲ ಎನ್ನುವವನೂ ಅಲ್ಲ. ಇಂಜಿನ್ ಬಿಸಿ ಉಂಟಾ ಎಂದು ನೋಡುವಾಗ ಕೈ ಮಗುಚಿ ಹಿಂಬದಿಯಿಂದ ಮುಟ್ಟುತ್ತಿದ್ದ, ಮಕ್ಕಳ ಜ್ವರ ನೋಡುವ ಹಾಗೆ. ಮನುಷ್ಯರ ಹತ್ತಿರ ಮಾತು ಕಡಿಮೆ. ಒಮ್ಮೆ ಒಬ್ಬ ಜೀಪಿನವ, “ಎಂತ ಮಾರಾಯ, ನನ್ನ ಹತ್ರ ಒಂದು ಮಾತಿಲ್ಲ, ಜೀಪಿನ ಹತ್ರ ಅರ್ಧ ಗಂಟೆ ಮಾತಾಡ್ತಿ” ಎಂದು ಕೇಳಿದ. “ಅದು ಕೇಳಿದ್ದಕ್ಕೆ ಸರಿ ಉತ್ತರ ಕೊಡ್ತದೆ” ಎಂದ ಇವನು. ಎಲ್ಲರೂ ನಗಾಡಿದರು. ಅವನು ತಮಾಷೆಗೆ ಹೇಳಿದ್ದಲ್ಲ.

ಮನೆ ರಸ್ತೆಯಿಂದ ಕೆಳಗೆ, ಹೊಂಡದಲ್ಲಿ. ಮೇಲೆ ಬರಲಿಕ್ಕೆ ಎರಡು ದಾರಿ. ಒಂದು ಒಳ್ಳೆಯ ದಾರಿ, ಗುಡ್ಡವನ್ನು ಬಳಸಿಕೊಂಡು ನಿಧಾನಕ್ಕೆ ಏರುವಂಥದ್ದು. ಅಪ್ಪ ಇರುವಾಗ ಅಣ್ಣತಮ್ಮಂದಿರು ಇಬ್ಬರೂ ಹಾರೆ ಹಿಡಿದು ಕಡಿದ ದಾರಿ ಅದು. ಪಾಲಾಗುವಾಗ ಅದು ಅಣ್ಣನ ಪಾಲಿನ ಜಾಗದೊಳಗೆ ಹೋಯಿತು. ದಾರಿಯ ಹಕ್ಕನ್ನು ಪಾಲುಪತ್ರದಲ್ಲಿ ಬರೆಯಬೇಕೆಂದು ಇವನು ಹೇಳಿದ. ಅಣ್ಣ, “ಕಾಗದ ಎಂತಕ್ಕೆ? ಬೇಕಾದಾಗ ಕೇಳು, ನಾನು ಬೇಡ ಹೇಳ್ತೇನಾ?” ಎಂದರು. ಸುತ್ತ ಕೂತ ಹಿರಿಯರಿಗೆ ಅದು ಒಳ್ಳೆಯ ಮಾತಾಗಿ ಕೇಳಿತು. ಇವನಿಗೆ ಹಾಗೆ ಕೇಳಲಿಲ್ಲ. “ನಾನೇ ಕಡಿದ ದಾರಿಯಲ್ಲಿ ನಾನು ಕೇಳಿ ಹೋಗ್ಬೇಕಾ? ಕೇಳಿ ಹೋಗುವ ದಾರಿ ನನಗೆ ಬೇಡ” ಎಂದು ಎದ್ದು ಬಂದ. ಅಣ್ಣ ಬೇಲಿ ಹಾಕಿಸಿದರು. ಇವನು ತನ್ನ ಪಾಲಿನ ಜಾಗದಲ್ಲೇ ಮನೆಯಂಗಳದಿಂದ ರಸ್ತೆಗೆ ನೇರ ಒಂದು ಏರು ಕಡಿದ. ಗೋಡೆಗೆ ಏಣಿ ಇಟ್ಟ ಹಾಗಿನ ಏರು. ಒಂದು ಬದಿಗೆ ಮುಳ್ಳುತಂತಿಯ ಬೇಲಿ. ಬೇಲಿಯ ಆಚೆ ಆ ಒಳ್ಳೆಯ ದಾರಿ, ಹುಲ್ಲು ಬೆಳೆದು ಸುಮ್ಮನೆ ಬಿದ್ದಿತ್ತು.

ಎಷ್ಟೋ ವರ್ಷ ಅದರಿಂದ ಯಾರಿಗೂ ಏನೂ ಆಗಲಿಲ್ಲ. ಅವನು ನಡೆದು ಹತ್ತುತ್ತಿದ್ದ, ಹೆಂಡತಿಯೂ ಹತ್ತುತ್ತಿದ್ದಳು. ಮಕ್ಕಳಿಲ್ಲ. ಅಣ್ಣತಮ್ಮ ಮಾತಾಡುವುದಿಲ್ಲ ಎನ್ನುವುದು ಊರಿಗೆ ಹಳೆಯ ಸುದ್ದಿಯಾಯಿತು.

ಆಮೇಲೆ ಅವಳ ಕಿಡ್ನಿ ಹೋಯಿತು.

ವಾರಕ್ಕೆ ಎರಡು ಸಲ ಪುತ್ತೂರಿಗೆ ಡಯಾಲಿಸಿಸಿಗೆ ಹೋಗಬೇಕು. ಒಂದು ಸಲ ತಪ್ಪಿದರೆ ಮೈಯಲ್ಲಿ ನೀರು ತುಂಬುತ್ತದೆ, ಎದೆಗೆ ಏರುತ್ತದೆ, ಮಲಗಲಿಕ್ಕೆ ಆಗುವುದಿಲ್ಲ, ಕೂತುಕೊಂಡೇ ರಾತ್ರಿ ಕಳೆಯಬೇಕು. ಡಾಕ್ಟರು ಇದನ್ನು ಅವನಿಗೂ ಹೇಳಿದ್ದರು, ನನಗೂ ಹೇಳಿದ್ದರು. ತಪ್ಪಿಸಬಾರದು ಎಂದು. ಅವಳ ಸೊಂಟದ ಮೂಳೆಯೂ ಸವೆದಿತ್ತು. ಜೀಪಿನ ಮೆಟ್ಟಿಲಿಗೆ ಕಾಲು ಎತ್ತಲಿಕ್ಕೆ ಆಗುತ್ತಿರಲಿಲ್ಲ. ರಿಕ್ಷಾ ಕುಲುಕುತ್ತದೆ, ಅಲ್ಲದೆ ಆ ಏರಿಗೆ ಯಾವ ರಿಕ್ಷಾದವನೂ ಬರುವುದಿಲ್ಲ. ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ಮೇಲೆ ತರಬಹುದಿತ್ತು. ಒಂದೆರಡು ಸಲ ತಂದರು. ಅವಳು ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡಿದ್ದಳು. “ಹೆಣ ಹೊತ್ತ ಹಾಗೆ ಆಗ್ತದೆ ಅಕ್ಕ, ಇನ್ನು ಬೇಡ” ಎಂದಳು.

ಹಾಗಾಗಿ ಅವನು ಒಂದು ಹಳೆಯ ಎಂಟ್ನೂರು ಕಾರು ತಂದ. ಸೀಟು ತಗ್ಗು, ಅವಳಿಗೆ ಹಿಂದೆ ಸರಿದು ಕೂತುಕೊಳ್ಳಲಿಕ್ಕೆ ಸುಲಭ. ಅವಳನ್ನು ಹಿಡಿದುಕೊಳ್ಳಲಿಕ್ಕೆ ಪಕ್ಕದಲ್ಲಿ ನಾನು. ಹೋಗುವ ದಿನ ನಾನು ಬೇಗ ಮರ ಕೆತ್ತಿ, ಹಾಲು ಎತ್ತುವ ಕೆಲಸ ಬೇರೆಯವಳಿಗೆ ಬಿಟ್ಟು, ಅಂಗಳಕ್ಕೆ ಇಳಿಯುತ್ತಿದ್ದೆ.

ಆ ಕಾರು ಮುಂದಕ್ಕೆ ಆ ಏರು ಹತ್ತುತ್ತಿರಲಿಲ್ಲ. ಅವನು ಅದನ್ನು ತಿರುಗಿಸಿ, ರಿವರ್ಸ್ ಗೇರಿನಲ್ಲಿ ಹಿಂದಕ್ಕೆ ಹತ್ತಿಸುತ್ತಿದ್ದ. ಈ ಕಡೆ ಏರಿನ ಮನೆಯವರೆಲ್ಲ ಮಾಡುವ ಉಪಾಯ ಅದು. ಕುತ್ತಿಗೆ ತಿರುಗಿಸಿ ಹಿಂದೆ ನೋಡುತ್ತಾ ಅವನು ಬಿಡುವುದು, ಎದುರಿಗೆ ಮನೆ ಸಣ್ಣದಾಗುತ್ತಾ ಹೋಗುವುದು. ಅವಳಿಗೆ ತಮಾಷೆ. “ಎಲ್ಲರೂ ಮುಂದೆ ನೋಡಿಕೊಂಡು ಆಸ್ಪತ್ರೆಗೆ ಹೋಗ್ತಾರೆ, ನಾನು ಮನೆಗೆ ಟಾಟಾ ಮಾಡಿಕೊಂಡು ಹೋಗುದು” ಎನ್ನುತ್ತಿದ್ದಳು. ಅವಳಿಗೆ ನಾಲಿಗೆ ಚೆನ್ನಾಗಿತ್ತು. ಅವನಿಗೆ ಇಲ್ಲದ್ದೆಲ್ಲ ಅವಳಿಗೇ ಇತ್ತು.

ಆದರೆ ಇಂಜಿನ್ ಮುದಿಯಾಗಿತ್ತು. ಮೂರು ಜನ ಕೂತರೆ ಅರ್ಧ ಏರಿನಲ್ಲಿ ಉಸಿರು ಕಟ್ಟಿ ನಿಲ್ಲುತ್ತಿತ್ತು. ನಾನು ಇಳಿದು ಚಕ್ರಕ್ಕೆ ಕಲ್ಲು ಕೊಡುವುದು, ಅವನು ಕೆಳಗೆ ಇಳಿಸಿ ಪುನಃ ಓಡಿಸಿಕೊಂಡು ಬರುವುದು. ಅಷ್ಟರಲ್ಲಿ ಅವಳು ವಾಂತಿ ಮಾಡುತ್ತಿದ್ದಳು. ಅವನು ಇಂಜಿನನ್ನು ಬಿಚ್ಚಿ ಹೊಸ ರಿಂಗು ಹಾಕಿದ, ವಾಲ್ವು ಕೂರಿಸಿದ. ಸ್ವಲ್ಪ ಸುಧಾರಿಸಿತು, ಸಾಲಲಿಲ್ಲ.

“ಅದಕ್ಕೆ ಗಾಳಿ ಸಾಲುದಿಲ್ಲ ಅಕ್ಕ” ಎಂದ.

“ಅಣ್ಣನ ಹತ್ರ ದಾರಿ ಕೇಳು ಮಾರಾಯ. ಗಾಳಿ ತನ್ನಿಂದ ತಾನೇ ಸಾಲ್ತದೆ” ಎಂದೆ.

ಅವನು ಬಾನೆಟ್ಟಿನ ಒಳಗೆ ತಲೆ ಹಾಕಿದ. ಅವನ ಹತ್ತಿರ ಆ ಮಾತು ತೆಗೆದರೆ ಯಾವಾಗಲೂ ಹಾಗೆ.

ನಾನು ಅಣ್ಣನ ಹತ್ತಿರವೂ ಕೇಳಿದೆ. ರಬ್ಬರ್ ಶೀಟು ಒಣಗಿಸುವಲ್ಲಿ ನಿಂತಿದ್ದರು. “ಅವಳ ಗತಿ ನೋಡಿದ್ದೀರಲ್ಲ, ಬೇಲಿ ಬಿಡಿಸಿಕೊಡಿ” ಎಂದೆ.

“ನಾನು ಬೇಡ ಹೇಳಿದ್ದೇನಾ ಮಾರಾಯ್ತಿ? ಅವ ಬರಲಿ. ಅಣ್ಣಾ, ದಾರಿ ಬೇಕು ಅಂತ ಒಂದು ಮಾತು ಹೇಳಲಿ. ಬೇಲಿ ನಾನೇ ಕೈಯಾರೆ ಕಡಿದು ಕೊಡ್ತೇನೆ.”

“ಅವ ಕೇಳುದಿಲ್ಲ.”

“ಮತ್ತೆ ನಾನು ಎಂತ ಮಾಡುದು?”

ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ತಮ್ಮ ಬರುತ್ತಾನೆ ಎಂದು ನಿಜವಾಗಿ ಕಾಯುತ್ತಿದ್ದರು. ಅವಳೇ ಒಮ್ಮೆ, “ನಾನು ಭಾವನ ಹತ್ರ ಕೇಳ್ತೇನೆ” ಎಂದಳು. “ನೀನು ಕೇಳಿದ್ರೆ ನಾನು ಕೇಳಿದ ಹಾಗೇ ಆಗ್ತದೆ” ಎಂದ ಇವನು. ಅವಳು ಮತ್ತೆ ಅದನ್ನು ಎತ್ತಲಿಲ್ಲ.

ಅವನಿಗೆ ಅವಳ ಮೇಲೆ ಪ್ರೀತಿ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅವಳಿಗೆ ಉಪ್ಪು ಕೂಡದು. ಅವನೂ ಉಪ್ಪು ಬಿಟ್ಟ. ಸಪ್ಪೆ ಗಂಜಿಯನ್ನು ಅವಳ ಎದುರು ಕೂತು ಉಣ್ಣುತ್ತಿದ್ದ. ಅವಳಿಗೆ ನೀರು ಅಳತೆಯಲ್ಲಿ, ಒಂದು ಸಣ್ಣ ಲೋಟ. ಅವಳ ಕಣ್ಣೆದುರು ಅವನು ನೀರು ಕುಡಿದದ್ದನ್ನು ನಾನು ನೋಡಿಲ್ಲ. ಹಿತ್ತಲಿನ ಟಾಂಕಿಯ ಹತ್ತಿರ ಹೋಗಿ, ನಳ್ಳಿಗೆ ಬಾಯಿ ಕೊಟ್ಟು, ಸದ್ದಾಗದ ಹಾಗೆ ಕುಡಿದು, ಬಾಯಿ ಒರೆಸಿಕೊಂಡು ಬರುತ್ತಿದ್ದ. ಇಷ್ಟೆಲ್ಲ ಬಿಟ್ಟವನಿಗೆ ಅದೊಂದು ಬಿಡಲಿಕ್ಕೆ ಆಗಲಿಲ್ಲ. ಯಾಕೆ ಎಂದು ನನ್ನನ್ನು ಕೇಳಬೇಡಿ. ಇಷ್ಟು ವರ್ಷ ಯೋಚನೆ ಮಾಡಿದರೂ ನನಗೆ ತಲೆಗೆ ಹೋಗಿಲ್ಲ.

ಪುತ್ತೂರಿನಲ್ಲಿ ಅವಳನ್ನು ಮೆಷಿನಿಗೆ ಹಾಕಿದ ಮೇಲೆ ನಾಲ್ಕು ಗಂಟೆ ಕಾಯಬೇಕು. ನಾನು ಹೊರಗೆ ಬೆಂಚಿನಲ್ಲಿ ತೂಕಡಿಸುತ್ತಿದ್ದೆ, ಅವನು ಗುಜರಿ ಅಂಗಡಿಗೆ ಹೋಗುತ್ತಿದ್ದ. ಒಂದು ದಿನ ಗೋಣಿಯಲ್ಲಿ ಸುತ್ತಿದ ಒಂದು ಕಬ್ಬಿಣದ ಗಂಟು ತಂದು ನನ್ನ ಕಾಲ ಬುಡದಲ್ಲಿ ಇಟ್ಟ. ದೊಡ್ಡ ಬಸವನಹುಳದ ಹಾಗಿತ್ತು. ಯಾವುದೋ ಡೀಸೆಲ್ ಕಾರಿನದ್ದು.

“ಟರ್ಬೊ ಅಕ್ಕ ಇದು” ಎಂದ. ಅವನ ಮುಖದಲ್ಲಿ ಅಷ್ಟು ಬೆಳಕು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ. “ಇಂಜಿನ್ ಬಿಡುವ ಹೊಗೆ ಈ ಬದಿಯಿಂದ ಬಂದು ಒಳಗಿನ ಚಕ್ರವನ್ನು ತಿರುಗಿಸ್ತದೆ. ಅದೇ ದಂಡಿಗೆ ಆಚೆ ಬದಿಯಲ್ಲಿ ಇನ್ನೊಂದು ಚಕ್ರ ಉಂಟು, ಅದು ಗಾಳಿಯನ್ನು ಇಂಜಿನಿಗೆ ತುರುಕ್ತದೆ. ಗಾಳಿ ಹೆಚ್ಚಾದ ಹಾಗೆ ಪೆಟ್ರೋಲ್ ಹೆಚ್ಚು ಹೋಗ್ತದೆ, ಬಲ ಬರ್ತದೆ. ಜಪಾನಿನಲ್ಲಿ ನಮ್ಮ ಇಂಜಿನಿನ ಹಾಗಿನದ್ದಕ್ಕೇ ಇದು ಇತ್ತಂತೆ.”

“ಜಪಾನಿನಲ್ಲಿ ಅಣ್ಣತಮ್ಮಂದಿರು ಮಾತಾಡುದಿಲ್ವಾ?” ಎಂದೆ. ಅವನಿಗೆ ಕೇಳಿಸಲಿಲ್ಲ.

ಮೆಷಿನಿನಿಂದ ಎದ್ದು ಬಂದವಳು ಅದನ್ನು ನೋಡಿ, “ಒಂದು ನನಗೂ ಹಾಕಿ, ನನಗೂ ಉಸಿರು ಸಾಲುದಿಲ್ಲ” ಎಂದಳು.

ಮೊದಲು ಅವನು ಕಾರ್ಬೊರೇಟರನ್ನು ಟರ್ಬೊದ ಬಾಯಿಗೇ ಕೂರಿಸಿದ. ಪೆಟ್ರೋಲೂ ಗಾಳಿಯೂ ಬೆರೆತದ್ದನ್ನು ಟರ್ಬೊ ಎಳೆದು ಇಂಜಿನಿಗೆ ಕೊಡಬೇಕು ಎಂದು. ಏರು ಹತ್ತಿತು. ಇಳಿಯುವಾಗ ಕಾಲು ತೆಗೆದ ಕೂಡಲೇ ಟರ್ಬೊ ತನ್ನೊಳಗಿನ ಆಯಿಲನ್ನೇ ಎಳೆದುಕೊಂಡಿತು. ಅಂಗಳ ಪೂರ್ತಿ ನೀಲಿ ಹೊಗೆ. ಒಳಗೆ ಕೂತ ಅವಳು ಕೆಮ್ಮಿ ಕೆಮ್ಮಿ ಹಣ್ಣಾದಳು. ನಾನು ಬಾಯಿಗೆ ಬಂದ ಹಾಗೆ ಬೈದೆ. ಅವನು ಬೈಗಳನ್ನು ಕೇಳಿ ಮುಗಿಸಿ, ಸ್ಪ್ಯಾನರ್ ತರಲು ಹೋದ.

ಎರಡನೆಯ ಸಲ ತಿರುಗಿಸಿ ಹಾಕಿದ. ಮೊದಲು ಟರ್ಬೊ, ಆಮೇಲೆ ಕಾರ್ಬೊರೇಟರ್. ಟರ್ಬೊ ಊದಿದ ಗಾಳಿ ಕಾರ್ಬೊರೇಟರಿನ ಮೂಲಕ ಹೋಗಬೇಕು. ಆದರೆ ಊದಿದರೆ ಅದರ ಎಲ್ಲ ಸಂದಿಗಳಿಂದ ಗಾಳಿ ಸೋರುತ್ತದೆ, ಪೆಟ್ರೋಲ್ ಬರುವುದು ಬಿಟ್ಟು ಹಿಂದಕ್ಕೆ ಹೋಗುತ್ತದೆ. ಅದಕ್ಕೆ ಇಡೀ ಕಾರ್ಬೊರೇಟರನ್ನು ಒಂದು ಪೆಟ್ಟಿಗೆಯೊಳಗೆ ಹಾಕಿ ಮುಚ್ಚಬೇಕೆಂದ. ನಾವು ರಬ್ಬರ್ ಹಾಲನ್ನು ಹೆಪ್ಪು ಹಾಕುವ ಅಲ್ಯೂಮಿನಿಯಂ ತಟ್ಟೆ ಉಂಟಲ್ಲ, ಅದನ್ನು ಕತ್ತರಿಸಿ ಪೆಟ್ಟಿಗೆ ಮಾಡಿದ. ಆಲಂಕಾರಿನ ಲೇತಿನವನ ಹತ್ತಿರ ಇಂಜಿನಿನ ತಲೆಯ ಕೆಳಗೆ ಇಡಲಿಕ್ಕೆ ದಪ್ಪ ತಾಮ್ರದ ತಗಡು ಕೊರೆಸಿದ, ಗಾಳಿಯ ಒತ್ತಡಕ್ಕೆ ತಲೆ ಹಾರಿಹೋಗದ ಹಾಗೆ. ಕಾರ್ಬೊರೇಟರಿನ ಒಳಗೆ ಪೆಟ್ರೋಲಿನಲ್ಲಿ ತೇಲುವ ಒಂದು ಬುರುಡೆ ಇರುತ್ತದೆ, ಅದು ಮೊದಲ ದಿನವೇ ಒತ್ತಡಕ್ಕೆ ಚಪ್ಪಟೆಯಾಯಿತು. ಬೇರೆ ಹಾಕಿದ. ಈ ನಡುವೆ ಅವಳ ಡಯಾಲಿಸಿಸಿನ ಒಂದು ಸರದಿ ತಪ್ಪಿತು. ಇನ್ನೊಂದು ಸಲ ಕಾರು ಇಲ್ಲದೆ ಕುರ್ಚಿಯಲ್ಲಿ ಹೊರಬೇಕಾಯಿತು. ಅಣ್ಣನ ತೋಟದ ಆಳುಗಳೇ ಬಂದು ಹೊತ್ತರು. ಆಳುಗಳನ್ನು ಅಣ್ಣ ತಡೆಯಲಿಲ್ಲ, ಇವನೂ ತಡೆಯಲಿಲ್ಲ. ಆಳುಗಳು ಬರಬಹುದು, ದಾರಿ ಬರಬಾರದು.

ಪೆಟ್ಟಿಗೆಯ ಮುಚ್ಚಳದ ಅಂಚಿಗೆ ಗಾಳಿ ಸೋರದ ಹಾಗೆ ಪೆಟ್ರೋಲಿಗೆ ಜಗ್ಗದ ಪಟ್ಟಿ ಬೇಕು. ಅದಕ್ಕೆ ಮಂಗಳೂರಿಗೆ ಹೇಳಿದ್ದ, ಬಂದಿರಲಿಲ್ಲ. ಮರುದಿನ ಪುತ್ತೂರಿಗೆ ಹೋಗಲೇಬೇಕು. “ಅಕ್ಕ, ಒಂದು ತುಂಡು ಒಣಗಿದ ಶೀಟು ಉಂಟಾ?” ಎಂದು ಕೇಳಿದ.

ನಾನು ಒಂದು ತುಂಡು ರಬ್ಬರ್ ಶೀಟು ತಂದು ಕೊಟ್ಟೆ. ಕೈಗೆ ತೆಗೆದುಕೊಂಡವನು ಮೂಸಿ ನೋಡಿ, “ಇದು ಯಾರ ಮರದ್ದು?” ಎಂದ.

“ಮರ ಹೆಸರು ಹೇಳಲಿಲ್ಲ” ಎಂದೆ.

ಅವನು ಅದನ್ನು ಹಿಂದೆ ಕೊಟ್ಟು, ಬೈಕು ಹತ್ತಿ ಪಂಜದ ರಬ್ಬರ್ ಅಂಗಡಿಗೆ ಹೋಗಿ ಬೇರೆ ಶೀಟು ತಂದ. ಹಠ ಎನ್ನುವುದು ಸಣ್ಣ ಶಬ್ದ. ರಬ್ಬರಿಗೆ ಪೆಟ್ರೋಲ್ ತಾಗಿದರೆ ಕರಗಿ ಅಂಟಾಗುತ್ತದೆ ಎಂದು ಇಲ್ಲಿ ಎಲ್ಲರಿಗೂ ಗೊತ್ತು. ಪಂಕ್ಚರಿಗೆ ಹಚ್ಚುವ ಅಂಟನ್ನು ಅವನೇ ಹಾಗೆ ಮಾಡಿಕೊಳ್ಳುತ್ತಿದ್ದ. “ಗೊತ್ತುಂಟು ಅಕ್ಕ. ಸರಿಯಾದ್ದು ಬರುವವರೆಗೆ ನಾಲ್ಕು ದಿನ ನಿಲ್ತದೆ” ಎಂದ.

ಮರುದಿನ ಬೆಳಿಗ್ಗೆ ಅವಳನ್ನು ಕೂರಿಸಿದೆವು. ಅವನು ಕಾರಿನ ಮೂತಿಯನ್ನು ಏರಿನ ಕಡೆಗೇ ಇಟ್ಟ. ಅವಳು ನನ್ನ ಕೈ ಹಿಡಿದಳು. ಅಂಗಳದಿಂದಲೇ ಓಡಿಸಿಕೊಂಡು ಬಂದು ಏರಿಗೆ ಬಿಟ್ಟ. ಸ್ವಲ್ಪ ದೂರ ಎಂದಿನ ಹಾಗೆಯೇ ಏದುಸಿರು. ಆಮೇಲೆ ಮುಂದಿನಿಂದ ಒಂದು ಸಣ್ಣ ಸಿಳ್ಳೆ ಕೇಳಿತು, ದೂರದಲ್ಲಿ ಯಾರೋ ಕರೆದ ಹಾಗೆ. ಬೆನ್ನು ಸೀಟಿಗೆ ಅಂಟಿತು. ಕಾರು ಮೇಲೆ ಹೋಗಿ ರಸ್ತೆಗೆ ಬಿತ್ತು.

ಅವನು ಕಾರು ನಿಲ್ಲಿಸಿದ. ಅವಳು, “ಏರು ಇಷ್ಟೇ ಉದ್ದವಾ?” ಎಂದಳು. ಅವನು ಸ್ಟೇರಿಂಗಿಗೆ ಹಣೆ ಇಟ್ಟು ನಕ್ಕ. ಅವನು ಶಬ್ದ ಮಾಡಿ ನಕ್ಕದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಆಮೇಲೆ ಕೆಲವು ವಾರ ಒಳ್ಳೆಯದಿತ್ತು. ಅವಳು ಪುತ್ತೂರು ತಲುಪುವಾಗ ಮುಖದಲ್ಲಿ ಬಣ್ಣ ಇರುತ್ತಿತ್ತು. ಸುದ್ದಿ ಹಬ್ಬಿ ಕಡಬದಿಂದ, ಸುಳ್ಯದಿಂದ ಜನ ಬಂದು ಬಾನೆಟ್ಟು ಎತ್ತಿ ನೋಡಿ ಹೋಗುತ್ತಿದ್ದರು. ಸಭೆಯಲ್ಲಿ ಮಾತಾಡಿದವರು ನೋಡಿದ್ದು ಈ ದಿನಗಳನ್ನೇ. ಮಂಗಳೂರಿನಿಂದ ಸರಿಯಾದ ಪಟ್ಟಿಯೂ ಬಂತು. ಅದು ಶೆಡ್ಡಿನ ಮೊಳೆಯಲ್ಲಿ ಪ್ಲಾಸ್ಟಿಕಿನ ಒಳಗೆ ನೇತಾಡುತ್ತಿತ್ತು.

“ಅದನ್ನು ಹಾಕುದು ಯಾವಾಗ?” ಎಂದೆ.

“ಹಾಕುವ. ಸರಿ ಓಡುವಾಗ ಬಿಚ್ಚಿದರೆ ಪುನಃ ಕೂರುವವರೆಗೆ ಧೈರ್ಯ ಇಲ್ಲ ಅಕ್ಕ. ಅವಳ ಸರದಿ ತಪ್ತದೆ.”

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬಿಚ್ಚಿದಾಗಲೆಲ್ಲ ಏನಾದರೊಂದು ಆಗಿ, ಅವಳೇ ಅನುಭವಿಸಿದ್ದಳು. ಅವನಿಗೆ ಆ ಕಾರಿನ ಮೇಲೆ ಹೆದರಿಕೆ ಹುಟ್ಟಿತ್ತು.

ಒಂದು ಬೆಳಿಗ್ಗೆ ಸಿಳ್ಳೆ ಬಂತು, ಕಾರು ಏರಿತು, ಅರ್ಧ ದಾಟುವಾಗ ಇಂಜಿನಿನ ಒಳಗೆ ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು ಶುರುವಾಯಿತು. ಅವನ ಹೆಗಲು ಬಿಗಿಯಾದದ್ದು ಹಿಂದೆ ಕೂತ ನನಗೆ ಕಂಡಿತು. ಅದು ಎಂಥ ಸದ್ದು ಎಂದು ಅವನಿಗೆ ಗೊತ್ತಿತ್ತು. ಕಾಲು ತೆಗೆದರೆ ಕಾರು ನಿಲ್ಲುತ್ತದೆ, ಹಿಂದೆ ಜಾರುತ್ತದೆ. ಒತ್ತಿದರೆ ಇಂಜಿನ್ ಹೋಗುತ್ತದೆ. ಅವನು ಒತ್ತಿದ. ಒಂದು ಪೆಟ್ಟು ಕೇಳಿತು. ಬಿಳಿ ಹೊಗೆ. ಕಾರು ನಿಂತಿತು.

ನಾನು ಇಳಿದು ಕಲ್ಲು ಕೊಟ್ಟೆ. ಅವನು ಬಾನೆಟ್ಟು ತೆಗೆದು, ಬಿಸಿ ಆರುವವರೆಗೂ ಕಾಯದೆ ಪೆಟ್ಟಿಗೆಯ ಮುಚ್ಚಳ ಬಿಚ್ಚಿದ. ಅಂಚಿನ ರಬ್ಬರ್ ಬೆಲ್ಲದ ಪಾಕದ ಹಾಗೆ ಕರಗಿತ್ತು. ಅದರ ಒಂದು ಎಳೆ ಒಳಗೆ ಹೋಗಿ, ಪೆಟ್ರೋಲ್ ಬರುವ ಸೂಜಿಯ ಕಣ್ಣಿನಷ್ಟು ತೂತಿನಲ್ಲಿ ಕೂತಿತ್ತು. ಗಾಳಿ ಬೇಕಾದಷ್ಟು, ಪೆಟ್ರೋಲ್ ಇಲ್ಲ. ಬರೀ ಬೆಂಕಿ. ಪಿಸ್ಟನಿಗೆ ತೂತು ಬಿದ್ದಿತ್ತಂತೆ, ಅದು ಆಮೇಲೆ ಬಿಚ್ಚಿದಾಗ ಗೊತ್ತಾದದ್ದು.

ಸದ್ದು ಕೇಳಿ ಅವನ ಅಣ್ಣ ಬೇಲಿಯ ಹತ್ತಿರ ಬಂದರು. ಅವರ ಜೀಪು ಅವರ ಮನೆಯ ಎದುರೇ ಇತ್ತು. ಸೀಟು ಎತ್ತರವಾದರೂ ಅವಳನ್ನು ಎತ್ತಿ ಕೂರಿಸಲು ಅಲ್ಲಿ ಜನ ಇದ್ದರು, ಆ ದಿನ ಒಂದು ಸಲಕ್ಕೆ ಆಗುತ್ತಿತ್ತು. ನಡುವೆ ಮುಳ್ಳುತಂತಿ.

“ಎಂತಾಯ್ತು?” ಎಂದರು. ನನ್ನನ್ನು ಕೇಳಿದ್ದು.

“ಕಾಣುದಿಲ್ವಾ? ತಂತಿ ಬಿಡಿಸಿ. ಇವಳು ಹೋಗ್ಬೇಕು.”

“ಕೇಳ್ಬೇಕಾದ್ದು ನೀನಲ್ಲ.”

ನಾನು ತಿರುಗಿ ಇವನನ್ನು ನೋಡಿದೆ. ಅವನ ಎರಡೂ ಕೈ ಇಂಜಿನಿನ ಒಳಗೇ ಇತ್ತು. “ಬಾಯಿ ಬಿಡು ಮಾರಾಯ. ಒಂದು ಮಾತು” ಎಂದೆ. ಅವನು ತಲೆ ಎತ್ತಿದ. ತುಟಿ ಅಲುಗಿದ್ದನ್ನು ನಾನು ನೋಡಿದೆ. ಅಣ್ಣ ತಂತಿಯ ಮೇಲೆ ಕೈ ಇಟ್ಟಿದ್ದರು. ಅವರ ಕತ್ತೂ ಸ್ವಲ್ಪ ಮುಂದೆ ಬಂದಿತ್ತು, ಸರಿಯಾಗಿ ಕೇಳಿಸಲಿ ಎಂದು. ಇಬ್ಬರಿಗೂ ಬೇಕಿತ್ತು. ಬೇಕಿರಲಿಲ್ಲ ಎಂದು ನಾನು ಹೇಳುವುದಿಲ್ಲ.

ಅಷ್ಟರಲ್ಲಿ ಅವಳು ಕಾರಿನ ಒಳಗಿನಿಂದ, “ನನಗೆ ಚಳಿ ಆಗ್ತದೆ. ಮನೆಗೆ ಹೋಗುವ. ನಾಳೆ ನೋಡುವ” ಎಂದಳು.

ಹಾಗೆ ಇಬ್ಬರಿಗೂ ಮಾತಾಡುವ ಕಷ್ಟ ತಪ್ಪಿತು. ಅಣ್ಣ ತಂತಿಯಿಂದ ಕೈ ತೆಗೆದರು. ಇವನು ಬ್ರೇಕು ಹಿಡಿದು ಕಾರನ್ನು ಹಿಂದಕ್ಕೆ ಜಾರಿಸಿ ಅಂಗಳಕ್ಕೆ ಇಳಿಸಿದ.

ಮರುದಿನ ಕುರ್ಚಿ ತಂದೆವು. ಅವಳು ಕೂರಲಿಲ್ಲ. “ಇನ್ನು ಹೊರುದು ಬೇಡ ಅಕ್ಕ. ಕಾರು ಸರಿಯಾಗಲಿ, ಹೋಗುವ” ಎಂದಳು. ಅವನು ಹಗಲೂ ರಾತ್ರಿ ಇಂಜಿನ್ ಬಿಚ್ಚಿಕೊಂಡು ಕೂತ. ಪಿಸ್ಟನ್ ಸಿಕ್ಕಿದರೆ ರಿಂಗು ಸಿಗಲಿಲ್ಲ, ರಿಂಗು ಸಿಕ್ಕುವಾಗ ಅವಳ ಕಾಲು ಕಂಬದ ಹಾಗೆ ಊದಿತ್ತು. ಡಾಕ್ಟರಿಗೆ ಫೋನು ಮಾಡಿದರೆ ಕೂಡಲೇ ಕರೆತನ್ನಿ ಎಂದರು. ನಾನು ಅವಳಿಗೆ ಬೈದೆ, ಅವನಿಗೆ ಬೈದೆ, ಮೇಲೆ ಹೋಗಿ ಅಣ್ಣನಿಗೂ ಬೈದೆ. ಅಣ್ಣ ಅಂಬುಲೆನ್ಸಿಗೆ ಹೇಳಿದರು. ಅದು ರಸ್ತೆಗೆ ಬಂದು ನಿಂತಿತು. ಕುರ್ಚಿ ಎತ್ತಿದವರು ಏರು ಮುಗಿಸುವ ಮೊದಲೇ ಅವಳು ಹೋದಳು. ಕುರ್ಚಿಯ ಹಿಂದಿನ ಬದಿ ಹಿಡಿದಿದ್ದವನು ಅವನೇ. ಅವನಿಗೆ ಗೊತ್ತಾಗಲಿಲ್ಲ. ನಾನು ಪಕ್ಕದಲ್ಲಿ ನಡೆಯುತ್ತಿದ್ದೆ, ನನಗೆ ಗೊತ್ತಾಯಿತು. “ಇಳಿಸಿ” ಎಂದೆ.

ಇನ್ನು ಹೇಳುವುದು ನಮ್ಮಲ್ಲಿಯ ಕ್ರಮದ ಮಾತು. ಮದುವೆಗೆ ಕರೆಯಬೇಕು, ಗೃಹಪ್ರವೇಶಕ್ಕೆ ಕರೆಯಬೇಕು. ಸಾವಿಗೆ ಯಾರೂ ಯಾರನ್ನೂ ಕರೆಯುವುದಿಲ್ಲ. ಒಂದೇ ಕುಟುಂಬದವರಿಗೆ ಸೂತಕ ಉಂಟು, ಮಾತು ಬಿಟ್ಟಿದ್ದರೂ ಸೂತಕ ಬಿಡುವುದಿಲ್ಲ. ಕುಟುಂಬದ ಹಿರಿಯನಾದವನು ತಾನಾಗಿ ಬಂದು ನಿಂತು ಎಲ್ಲ ಕೆಲಸ ಮಾಡಿಸಬೇಕು. ಅಣ್ಣ ಬಂದರು. ಕಟ್ಟಿಗೆಗೆ ಅವರೇ ಹೇಳಿದರು, ಹಂದರ ಅವರೇ ಹಾಕಿಸಿದರು. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟಕ್ಕೆ ನೆಂಟರು ಬರುವ ಮುಂಚಿನ ದಿನ ಆಳುಗಳನ್ನು ಕರೆದು ಮುಳ್ಳುತಂತಿ ಕಡಿಸಿದರು. ಹುಲ್ಲು ಹೆರೆಸಿದರು. ಮಧ್ಯಾಹ್ನದೊಳಗೆ ದಾರಿ ಆಯಿತು. ಇದಕ್ಕೆ ಯಾರೂ ಕೇಳಬೇಕಾಗಿರಲಿಲ್ಲ. ಅದು ಸಾವಿನ ಕೆಲಸ.

ಬೊಜ್ಜದ ದಿನ ಕಾರುಗಳು ಒಂದರ ಹಿಂದೆ ಒಂದು ಆ ದಾರಿಯಲ್ಲಿ ಇಳಿದು ಅಂಗಳಕ್ಕೇ ಬಂದವು. ಮಂಡೆಕೋಲಿನಿಂದ ಬಂದ ಅವಳ ತವರಿನ ಮುದುಕರೊಬ್ಬರು ಕಾರಿನಿಂದ ಇಳಿದು, “ಒಳ್ಳೇ ದಾರಿ ಮಾರಾಯ್ರೆ, ಬಾಗಿಲಿಗೇ ಬರ್ತದೆ” ಎಂದರು. ತಲೆ ಬೋಳಿಸಿಕೊಂಡು ಬಾಗಿಲಲ್ಲಿ ನಿಂತಿದ್ದ ಅವನು, “ಹೌದು” ಎಂದ. ಅಷ್ಟೇ. ಬಂದವರಿಗೆ ಕೈಕಾಲು ತೊಳೆಯಲು ನೀರು ತೋರಿಸಿದ.

ಅಣ್ಣ ಆಮೇಲೆ ಬೇಲಿ ಹಾಕಿಸಲಿಲ್ಲ. ದಾರಿ ತೆರೆದೇ ಇತ್ತು. ಇವನು ಅದರಲ್ಲಿ ಕಾಲಿಡಲಿಲ್ಲ. ಇಂಜಿನಿಗೆ ಬೇರೆ ಪಿಸ್ಟನ್ ಹಾಕಿದ, ಟರ್ಬೊ ತೆಗೆದು ಗುಜರಿಗೆ ಕೊಟ್ಟ, ಕಾರನ್ನು ಯಾರಿಗೋ ಕೊಟ್ಟುಬಿಟ್ಟ. ಪುತ್ತೂರಿನಿಂದ ಒಬ್ಬ ಬಂದು, ತನ್ನ ಕಾರಿಗೂ ಹಾಗೆ ಮಾಡಿಕೊಡಬೇಕೆಂದು ಬಹಳ ಒತ್ತಾಯಿಸಿದ. “ಆಗುದಿಲ್ಲ” ಎಂದ ಇವನು. ಯಾವ ವಾಹನಕ್ಕೂ ಅವನು ಹಾಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಉಪ್ಪನ್ನು ಪುನಃ ಶುರು ಮಾಡಲಿಲ್ಲ. “ಇನ್ನು ಯಾರಿಗೆ ಬೇಕಾಗಿ ಸಪ್ಪೆ ತಿಂತಿ?” ಎಂದು ಕೇಳಿದ್ದಕ್ಕೆ, “ರುಚಿ ಗೊತ್ತಾಗುದಿಲ್ಲ ಅಕ್ಕ” ಎಂದ.

ಬೆಳಿಗ್ಗೆ ಶೆಡ್ಡಿಗೆ ಹೋಗುವಾಗ, ಸಂಜೆ ಬರುವಾಗ ಆ ಏರನ್ನೇ ನಡೆದ. ಕೊನೆಗೆ ಅಲ್ಲೇ ಕೂತಲ್ಲಿ ತೀರಿಹೋದ. ಎದೆನೋವು ಬಂದಿರಬೇಕು. ಹಾಲು ಎತ್ತಲು ಹೋದ ಹೆಂಗಸರು ನೋಡಿದ್ದು. ಏರಿನ ಮಧ್ಯದಲ್ಲಿ, ಮೊಣಕಾಲಿನ ಮೇಲೆ ಕೈ ಇಟ್ಟು, ದಣಿವು ಆರಿಸಿಕೊಳ್ಳುವವನ ಹಾಗೆ ಕೂತಿದ್ದನಂತೆ. ಆಚೆ ಕೈ ಚಾಚಿದರೆ ಸಿಗುವಷ್ಟರಲ್ಲಿ ದಾರಿ.

ಅವನ ಸಾವಿನ ಕೆಲಸ ಎಲ್ಲ ಮುಗಿದ ಮೇಲೆ ಒಂದು ದಿನ ಅವನ ಅಣ್ಣ ನನ್ನ ಮನೆಗೆ ಬಂದರು. ಇಷ್ಟು ವರ್ಷದಲ್ಲಿ ನನ್ನ ಮನೆಯ ಜಗಲಿಯಲ್ಲಿ ಅವರು ಕೂತದ್ದು ಅದೇ ಮೊದಲು. ಕಾಫಿ ಕೊಟ್ಟೆ. ಅರ್ಧ ಕುಡಿದು ಕೆಳಗೆ ಇಟ್ಟರು.

“ನೀನು ಅವನ ಕಾರಿನಲ್ಲಿ ಹೋಗ್ತಿದ್ದಿ ಅಲ್ವಾ. ಅಣ್ಣನ ಹತ್ರ ಒಮ್ಮೆ ಕೇಳ್ತೇನೆ ಅಂತ ಅವ ಯಾವತ್ತಾದ್ರೂ ಹೇಳಿದ್ದನಾ?” ಎಂದರು.

ಮುದುಕನ ಕಣ್ಣು ನನ್ನ ಬಾಯಿಯ ಮೇಲೇ ಇತ್ತು. ಹೌದು ಎಂದಿದ್ದರೆ ಅವರಿಗೆ ರಾತ್ರಿ ನಿದ್ದೆ ಬರುತ್ತಿತ್ತೋ ಏನೋ. ಕೇಳಬೇಕೆಂದಿದ್ದ, ಅಷ್ಟರಲ್ಲಿ ಹೀಗಾಯಿತು ಎಂದರೆ ಆಗುತ್ತಿತ್ತು.

“ಇಲ್ಲ” ಎಂದೆ. “ಹೇಳ್ಲಿಲ್ಲ.”

ಅವರು ತಲೆ ಆಡಿಸಿದರು. ಉಳಿದ ಕಾಫಿ ಹಾಗೇ ಬಿಟ್ಟರು. ಮತ್ತೆ ಅವರು ಎದ್ದು ಹೋದರು.